ರುಜು ಇಲ್ಲದ ಮಾತು – ಕಂತು ಏಳು: ಹಳೆಯ ವಹಿಯ ಕೊನೆಯ ಪುಟ

"ಸರ್, ಸಾಕು ಸರ್! ಸಂಕ ಮುರಿಯುವುದಿಲ್ಲ, ನಿಮ್ಮ ಕಾಲು ಮುರೀತದೆ!"

ತೋಡಿನ ದಡದಲ್ಲಿ ನಿಂತು ಜವಾನ ಗುರುವಪ್ಪ ಕೂಗಿಕೊಂಡ. ಆದರೆ ಅಬ್ದುಲ್ ಹಕೀಂ ಕೇಳಬೇಕಲ್ಲ! ಐವತ್ತೆರಡು ವರ್ಷ ವಯಸ್ಸು, ತೊಂಬತ್ತು ಕಿಲೋ ತೂಕ, ಗ್ರಾಮೀಣ ಕಾಲುಸಂಕ ಯೋಜನೆಯ ಸಹಾಯಕ ನಿರ್ದೇಶಕನೆಂಬ ಹುದ್ದೆ, ಮೇಲಿಂದ ರಂಜಾನಿನ ಉಪವಾಸ. ಇಷ್ಟೆಲ್ಲ ಹೊತ್ತುಕೊಂಡು ಆತ ಅಳದಂಗಡಿಯ ಆಚೆ ತೋಡು ದಾಟಲು ಕಟ್ಟಿದ ಹೊಸ ಕಾಲುಸಂಕದ ನಟ್ಟನಡುವೆ ಕುಪ್ಪಳಿಸುತ್ತಿದ್ದ.

ಕೆಳಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೆಲಸ ಬಿಟ್ಟು ತಲೆ ಎತ್ತಿದರು. ಸರಕಾರಿ ಅಧಿಕಾರಿಯ ಕುಣಿತವನ್ನು ಪುಕ್ಕಟೆಯಾಗಿ ನೋಡುವ ಭಾಗ್ಯ ದಿನಾ ಸಿಗುವಂಥದ್ದಲ್ಲ.

"ಇನ್ನೊಂದೇ ಸಲ," ಎಂದು ಹಕೀಂ ಮತ್ತೆ ಹಾರಿದ. ಧಡ್ ಎಂದು ಸದ್ದಾಯಿತು. ಸಂಕ ಅಲುಗಲಿಲ್ಲ. ಅಲುಗಿದ್ದು ಹಕೀಮನ ಕನ್ನಡಕ ಮಾತ್ರ.

ಬೆಳಗಿನಿಂದ ಸುತ್ತಿಗೆಯಲ್ಲಿ ಬಡಿದು, ಟೇಪು ಹಿಡಿದು ಅಳೆದು, ಕಾಂಕ್ರೀಟಿನ ಪರೀಕ್ಷಾ ವರದಿಯನ್ನು ಎರಡೆರಡು ಸಲ ಓದಿ ಆಗಿತ್ತು. ಈ ಕೊನೆಯ ಪರೀಕ್ಷೆ ಇಲಾಖೆಯ ಯಾವ ಪುಸ್ತಕದಲ್ಲೂ ಇರಲಿಲ್ಲ. ಆದರೆ ಶಾಲೆಯ ಮಕ್ಕಳು ಸಂಕದ ಮೇಲೆ ನಡೆದುಕೊಂಡು ಹೋಗುವುದಿಲ್ಲ, ಹಾರಿಕೊಂಡೇ ಹೋಗುತ್ತಾರೆ ಎಂದು ಅವನಿಗೆ ಗೊತ್ತಿತ್ತು.

"ಗಟ್ಟಿ ಉಂಟು ಮಾರಾಯ," ಎಂದು ಏದುಸಿರು ಬಿಡುತ್ತಾ ದಡಕ್ಕೆ ಬಂದ. "ಕಲ್ಲಿನ ಹಾಗೆ ಉಂಟು."

"ಹಾಗಾದ್ರೆ ಊರಿನವರು ಹೇಳುವುದು?"

"ಊರಿನವರು ಎಂತ ಹೇಳ್ತಾರೆ ಅಂತ ನಾನು ಕೇಳ್ಲಿಲ್ಲ, ನೀನು ಹೇಳ್ಬೇಡ."

ಊರಿನವರು ಹೇಳುತ್ತಿದ್ದುದು ಇಷ್ಟು: ಡಿಸೆಂಬರ್ ಮೂವತ್ತೊಂದರ ರಾತ್ರಿ ಎಂಟೂವರೆಗೆ ಕಿರಿಯ ಇಂಜಿನಿಯರ್ ಪುಷ್ಪರಾಜ ಮೂಡುಬಿದಿರೆಯಲ್ಲಿ ಗುತ್ತಿಗೆದಾರನ ಜೊತೆ ಭರ್ಜರಿ ಊಟ ಉಂಡ, ಆ ಅನ್ನದ ಋಣಕ್ಕೆ ಟೊಳ್ಳು ಸಂಕವನ್ನು ಕಣ್ಣುಮುಚ್ಚಿ ಒಪ್ಪಿದ.

ಹತ್ತು ದಿನಗಳಲ್ಲಿ ಈ ಮಾತಿಗೆ ರೆಕ್ಕೆಪುಕ್ಕ ಎಲ್ಲ ಬಂದಿತ್ತು. ಬುಧವಾರದೊಳಗೆ ಪುಷ್ಪರಾಜನ ನಡತೆ ಚೆನ್ನಾಗಿದೆ ಎಂಬ ಪತ್ರ ಮಂಗಳೂರಿಗೆ ಹೋಗಬೇಕು. ಹೋದರೆ ಇಪ್ಪತ್ತೆರಡು ವರ್ಷದ ಮೇಲೆ ಅವನಿಗೊಂದು ಬಡ್ತಿ. ಹೋಗದಿದ್ದರೆ ಪಟ್ಟಿಯಿಂದ ಹೆಸರು ಹೋಯಿತು. ಮುಂದಿನ ಪಟ್ಟಿ ಯಾವ ಕಾಲಕ್ಕೋ. ಇಂದು ಸೋಮವಾರ.

ಮಂಗಳೂರಿನ ಜಂಟಿ ನಿರ್ದೇಶಕರು ಶುಕ್ರವಾರವೇ ಫೋನು ಮಾಡಿದ್ದರು. ಅವರ ದನಿ ಎಂಥದ್ದೆಂದರೆ, ಫೋನಿನ ರಿಸೀವರ್ ಕಿವಿಗೆ ಹಿಡಿಯಬೇಕಾಗಿಯೇ ಇರಲಿಲ್ಲ. ವರಾಂಡದಲ್ಲಿ ಕೂತ ಅರ್ಜಿದಾರರಿಗೂ ಸ್ಪಷ್ಟವಾಗಿ ಕೇಳುತ್ತಿತ್ತು.

"ವಿಚಾರಣೆ ಬಾಕಿ ಉಂಟು ಅಂತ ಒಂದು ಸಾಲು ಬರೆದು ಬಿಡಿ ಹಕೀಂ. ನಿಮ್ಮ ತಲೆಗೆ ಬರುವುದಿಲ್ಲ."

"ಸರ್, ರುಜು ಇಲ್ಲದ ಅರ್ಜಿಯನ್ನು ನಾವು ಕಸದ ಬುಟ್ಟಿಗೆ ಹಾಕ್ತೇವೆ. ಗಾಳಿಮಾತಿಗೆ ರುಜು ಉಂಟಾ? ರುಜು ಇಲ್ಲದ ಮಾತಿಗೆ ಒಬ್ಬನ ಬಡ್ತಿ ಹೇಗೆ ನಿಲ್ಲಿಸುವುದು?"

ಈ ಮಾತನ್ನು ಹೇಳಿ ಹೇಳಿ ಹಕೀಮನಿಗೆ ಅದರ ಮೇಲೆ ಸ್ವಲ್ಪ ಹೆಮ್ಮೆಯೂ ಬಂದುಬಿಟ್ಟಿತ್ತು. ಹಾಗೆಂದು ಆತ ಕೈಕಟ್ಟಿ ಕೂತವನಲ್ಲ. ಮೊದಲ ದಿನವೇ ಪುಷ್ಪರಾಜನನ್ನು ಕರೆದು, ನಿನ್ನ ಬಗ್ಗೆ ಹೀಗೊಂದು ಮಾತುಂಟು, ಬೇರೆಯವರಿಂದ ತಿಳಿಯುವ ಮೊದಲು ನಾನೇ ಹೇಳುತ್ತಿದ್ದೇನೆ ಎಂದಿದ್ದ. ಈಗ ಸಂಕವನ್ನೂ ನೋಡಿಯಾಯಿತು. ಉಳಿದದ್ದು, ಮಾತು ಹುಟ್ಟಿದ್ದು ಎಲ್ಲಿ ಎಂಬುದು.

ಅಲ್ಲಿಯೇ ತೊಂದರೆ ಇದ್ದದ್ದು. ಸಾಹೇಬರು ಬಾಯಿಬಿಟ್ಟು ಕೇಳಿದರೆ, 'ಸಾಹೇಬರೇ ಕೇಳ್ತಾರೆ ಅಂದ್ಮೇಲೆ ಎಂತದೋ ಉಂಟು' ಎಂದು ಇನ್ನೂ ನಾಲ್ಕು ಊರಿಗೆ ಹರಡುತ್ತದೆ. ಹಾಗಾಗಿ ಗಾಳಿಮಾತನ್ನು ಬಾಯಿಂದ ಆಡದೆ ಗಾಳಿಮಾತಿನ ಬೇರು ಹುಡುಕಬೇಕಿತ್ತು. ಮೀನಿನ ಹೆಸರು ಹೇಳದೆ ಮಾರ್ಕೆಟಿನಲ್ಲಿ ಮೀನು ಕೊಂಡ ಹಾಗೆ.

ಜೀಪು ಗುರುವಾಯನಕೆರೆ ತಲುಪಿದಾಗ ಮೂಡುಬಿದಿರೆಯ ಬಸ್ಸು ನಿಂತಿತ್ತು. ಕಂಡಕ್ಟರ್ ಶರೀಫ್ ಬಾಗಿಲಲ್ಲಿ ನೇತಾಡುತ್ತಾ ಜನ ಕರೆಯುತ್ತಿದ್ದ. ಮೂರು ತಾಲೂಕಿನ ಸುದ್ದಿಗೂ ಟಿಕೆಟ್ ಹರಿಯುವವನು ಆತನೇ.

"ಎಂತ ಶರೀಫ್, ವಿಶೇಷ?"

"ವಿಶೇಷ ನಿಮ್ಮ ಆಫೀಸಿನದ್ದೇ ಅಲ್ವಾ ಸರ್. ಆ ಕೋರಿ ರೊಟ್ಟಿ ಸಮಾಚಾರ."

ಹಕೀಮನಿಗೆ ನಗು ತಡೆಯುವುದು ಕಷ್ಟವಾಯಿತು. ಅಳದಂಗಡಿಯ ಜೈನ ಮನೆತನದ ಪುಷ್ಪರಾಜ, ನೆಲದಡಿಯ ಗಡ್ಡೆ ಎಂದು ಈರುಳ್ಳಿಯನ್ನೂ ಮುಟ್ಟದವನು, ಕೋಳಿಸಾರಿನಲ್ಲಿ ರೊಟ್ಟಿ ಅದ್ದಿ ತಿಂದನಂತೆ!

"ಎಂತ ಕೇಳಿದ್ದು ಅಂತ ಬೇಡ. ಯಾವಾಗ ಕೇಳಿದ್ದು ಅಷ್ಟೇ ಹೇಳು."

"ಜನವರಿ ಒಂದು, ಶುಕ್ರವಾರ. ಸಂಜೆ ಐದೂ ಮುಕ್ಕಾಲಿನ ಟ್ರಿಪ್ಪು. ಆದ್ರೆ ಆಗ ಕೋರಿ ರೊಟ್ಟಿ ಇರ್ಲಿಲ್ಲ ಸರ್. ಆಗ ಬರೀ ಊಟ. ಕೋರಿ ರೊಟ್ಟಿ ವೇಣೂರಲ್ಲಿ ಸೇರಿದ್ದು."

"ಬರೀ ಊಟ ಹೇಳಿದ್ದು ಯಾರು?"

ಶರೀಫ್ ಶಿಳ್ಳೆಯನ್ನು ತುಟಿಗೆ ಇಟ್ಟುಕೊಂಡು ಆಚೀಚೆ ನೋಡಿದ. "ನಾನು ಹೇಳಿದ್ದು ಅಂತ ಬೇಡ. ನಿಮ್ಮ ಹೆಡ್ ಕ್ಲಾರ್ಕ್ ಸುಬ್ಬಯ್ಯಣ್ಣ."

ಶಿಳ್ಳೆ ಊದಿದ, ಬಸ್ಸು ಹೊರಟಿತು. ಹಕೀಂ ನಿಂತಲ್ಲೇ ನಿಂತ.

ಸುಬ್ಬಯ್ಯನೇ? ಹದಿನಾಲ್ಕು ವರ್ಷದಿಂದ ಪುಷ್ಪರಾಜನ ಎದುರು ಮೇಜಿನಲ್ಲಿ ಕೂತವನು. ಸೂರ್ಯ ಮುಳುಗಿದ ಮೇಲೆ ಪುಷ್ಪರಾಜ ಒಂದು ಅಗುಳೂ ಬಾಯಿಗೆ ಹಾಕುವುದಿಲ್ಲ, ಕೆಲಸ ತಡವಾಗುವ ದಿನ ರಾತ್ರಿಯ ಊಟವನ್ನು ಟಿಫಿನ್ ಕ್ಯಾರಿಯರಿನಲ್ಲಿ ತಂದು ಸಂಜೆಯೇ ಉಣ್ಣುತ್ತಾನೆ ಎಂಬುದು ಆಫೀಸಿನ ಬೆಕ್ಕಿಗೂ ಗೊತ್ತು. ರಾತ್ರಿ ಎಂಟೂವರೆಯ ಊಟದ ಕತೆಯನ್ನು ಯಾವ ಪರವೂರಿನವನೋ ಕಟ್ಟಿದ್ದಾನೆ ಎಂದೇ ಹಕೀಂ ಇಷ್ಟು ದಿನ ನಂಬಿದ್ದ. ಸುಳ್ಳೆಂದು ಖಂಡಿತ ಗೊತ್ತಿದ್ದವನೇ ಅದನ್ನು ಬಸ್ಸಿನಲ್ಲಿ ಹಂಚಿದನೆಂದರೆ ಏನರ್ಥ?

ಆಫೀಸಿಗೆ ಬಂದವನೇ ನರಿಕೊಂಬಿನ ಮನೆಗೆ ಫೋನು ಮಾಡಿದ. ಇವತ್ತು ಇಲ್ಲಿಯೇ ಉಪವಾಸ ಬಿಡುತ್ತೇನೆ ಎಂದಾಗ ಹೆಂಡತಿ ಹಫ್ಸ, "ಸಂಸ ಪಕ್ಕದ ಮನೆಗೆ ಕೊಡ್ತೇನೆ, ಮತ್ತೆ ಬಂದು ಕೇಳ್ಬೇಡಿ," ಎಂದು ಇಟ್ಟೇಬಿಟ್ಟಳು. ಹಕೀಮನಿಗೆ ನಿಜವಾಗಿಯೂ ಬೇಸರವಾಯಿತು. ಹಫ್ಸಳ ಸಂಸ, ಆ ಬಿಸಿಬಿಸಿ ಸಮೋಸ, ಅಂಥದ್ದು.

ಕಿಟಕಿಯ ಪಕ್ಕದ ಮೇಜಿನಲ್ಲಿ ಪುಷ್ಪರಾಜ ಟಿಫಿನ್ ಕ್ಯಾರಿಯರ್ ಬಿಚ್ಚಿದ್ದ. ಐದೂ ಮುಕ್ಕಾಲಾಗಿತ್ತು. ಪಡುವಣದ ಬಿಸಿಲು ಅನ್ನದ ಮೇಲೆ ಬಿದ್ದಿತ್ತು.

"ಬೇಗ ಉಣ್ಣಿ ಪುಷ್ಪರಾಜರೇ. ಸೂರ್ಯ ಮುಳುಗಿದ ಮೇಲೆ ಸರದಿ ನನ್ನದು," ಎಂದ ಹಕೀಂ. ರಂಜಾನ್ ತಿಂಗಳಿಡೀ ಇಬ್ಬರ ನಡುವೆ ನಡೆಯುವ ತಮಾಷೆ ಅದು. ಒಬ್ಬನ ಬಾಯಿ ಮುಚ್ಚುವ ಹೊತ್ತಿಗೆ ಇನ್ನೊಬ್ಬನದು ತೆರೆಯುತ್ತಿತ್ತು.

ಪುಷ್ಪರಾಜ ನಕ್ಕ. ಆದರೆ ನಗು ಬೇಗ ಇಳಿಯಿತು.

"ಸಾಧನಾ ಕೇಳಿದ್ಲು ಸರ್."

ಸಾಧನಾ ಅವನ ಮಗಳು, ಮೂಡುಬಿದಿರೆಯಲ್ಲಿ ಕಾಲೇಜಿಗೆ ಹೋಗುತ್ತಿದ್ದಳು.

"ಸಂಕದ ಬಗ್ಗೆ ಕೇಳಿದ್ರೆ ನಗಬಹುದಿತ್ತು. ಅವಳು ಕೇಳಿದ್ದು, 'ಅಪ್ಪ, ನೀವು ನಿಜವಾಗ್ಲೂ ರಾತ್ರಿ ಉಂಡಿರಾ' ಅಂತ. ನನ್ನ ಮಗಳು ಸರ್. ನನ್ನ ಜೊತೆ ಇಪ್ಪತ್ತು ವರ್ಷ ಸಂಜೆ ಊಟ ಮಾಡಿದವಳು."

ಹಕೀಂ ಅವನೆದುರಿನ ಕುರ್ಚಿ ಎಳೆದು ಕೂತ. ಬಡ್ತಿ ಇವತ್ತಲ್ಲದಿದ್ದರೆ ನಾಳೆ ಬಂದೀತು. ಮಗಳ ಕಣ್ಣಿನಲ್ಲಿ ಹೊಕ್ಕ ಅನುಮಾನವನ್ನು ಯಾವ ಆದೇಶ ಹೊರಡಿಸಿ ತೆಗೆಯುವುದು?

"ಬುಧವಾರದ ಮೊದಲು ಪತ್ರ ಹೋಗ್ತದೆ. ಅದು ನನ್ನ ಮಾತು," ಎಂದ.

"ನೀವಿದ್ದೀರಿ ಅಂತಲೇ ಧೈರ್ಯ ಸರ್." ಪುಷ್ಪರಾಜ ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸಿದ. "ಉಪವಾಸ ಬಿಡ್ಲಿಕ್ಕೆ ಇಲ್ಲಿ ಎಂತ ಉಂಟು ನಿಮಗೆ? ಇರಿ, ಖರ್ಜೂರ, ಕಿತ್ತಳೆ ತರ್ತೇನೆ. ಮಸೀದಿಯಲ್ಲಿ ಬಾಂಕು ಆಗುವ ಮೊದಲು ಬರ್ತೇನೆ."

ಆತ ಮೆಟ್ಟಿಲಿಳಿದ ಮೇಲೆ ಹಕೀಂ ತನ್ನ ಕೋಣೆಗೆ ಹೋಗಿ ಸುಬ್ಬಯ್ಯನನ್ನು ಕರೆಸಿದ. ಬಾಗಿಲನ್ನು ಬೇಕೆಂದೇ ತೆರೆದಿಟ್ಟ. ಮುಚ್ಚಿದ ಬಾಗಿಲಿನಿಂದ ಇನ್ನೊಂದು ಗಾಳಿಮಾತು ಹುಟ್ಟುವುದು ಬೇಡವಾಗಿತ್ತು.

ಸುಬ್ಬಯ್ಯ ಬಂದ. ನೆತ್ತಿಗೆ ಎಣ್ಣೆ, ಕಿವಿಯ ಮೇಲೆ ಪೆನ್ನು, ಸೊಂಟದಲ್ಲಿ ಬೀರುವಿನ ಕೀಗೊಂಚಲು. ಕಚೇರಿಯ ಯಾವ ಕಾಗದ ಯಾವ ಕಟ್ಟಿನಲ್ಲಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲವನು.

"ಕೂತ್ಕೊಳ್ಳಿ ಸುಬ್ಬಯ್ಯನವರೇ. ಜನವರಿ ಒಂದರ ಸಂಜೆ ಬಸ್ಸಿನಲ್ಲಿ ನೀವು ಒಂದು ಮಾತು ಹೇಳಿದ್ದೀರಿ."

"ನಾನು ಪುಷ್ಪರಾಜರ ಊಟದ ಸುದ್ದಿ ಯಾರಿಗೂ ಹೇಳ್ಲಿಲ್ಲ ಸರ್!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸುಬ್ಬಯ್ಯನಿಗೂ ಅದು ಹೊಳೆಯಿತು. ಮುಖ ಕೆಂಪೇರಿತು.

"ಊಟ, ಪುಷ್ಪರಾಜ, ಎರಡೂ ನಾನು ಹೇಳ್ಲಿಲ್ಲ. ಇರ್ಲಿ," ಎಂದ ಹಕೀಂ ಮೆಲ್ಲನೆ. "ಬೈಲಿಕ್ಕೆ ಕರೆದದ್ದಲ್ಲ. ಒಂದೇ ಹೇಳಿ. ಅವರು ರಾತ್ರಿ ಉಣ್ಣುವುದಿಲ್ಲ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದೂ ಹೇಗೆ ನಂಬಿದಿರಿ?"

ಈಗ ಸುಬ್ಬಯ್ಯ ನೆಟ್ಟಗೆ ಕೂತ. ಅಪರಾಧಿಯ ಮುಖ ಹೋಗಿ ಹೆಡ್ ಕ್ಲಾರ್ಕಿನ ಮುಖ ಬಂತು.

"ನಾನು ಸುಳ್ಳು ಹೇಳುವವನಲ್ಲ ಸರ್. ರಿಜಿಸ್ಟರಿನಲ್ಲಿ ಉಂಟು!"

"ಎಂತದ್ದು?"

"ಚಲನವಲನ ವಹಿಯಲ್ಲಿ ಉಂಟು. ರಿಜಿಸ್ಟರಿನಲ್ಲಿ ಇದ್ದದ್ದು ಸುಳ್ಳು ಹೇಗೆ ಆಗ್ತದೆ?"

ನೌಕರರು ಹೊರಗೆ ಹೋಗುವಾಗ ಎಲ್ಲಿಗೆ, ಯಾತಕ್ಕೆ, ಎಷ್ಟು ಹೊತ್ತಿಗೆ ಎಂದು ಬರೆದಿಡುವ ಪುಸ್ತಕವದು. ದಿನಕ್ಕೊಂದು ಪುಟ. ಹೊಸ ವರ್ಷಕ್ಕೆ ಹೊಸ ವಹಿ ಬಂದು, ತೊಂಬತ್ತೆಂಟರದ್ದು ಬೀರು ಸೇರಿತ್ತು.

"ಒಂದನೇ ತಾರೀಕು ಬೆಳಿಗ್ಗೆ ಹಳೆಯ ವಹಿ ಒಳಗಿಡುವಾಗ ನೋಡಿದೆ ಸರ್. ನನಗೂ ತಲೆ ತಿರುಗಿತು. ಇಷ್ಟು ವರ್ಷ ನೇಮ ಬಿಡದವರು ಗುತ್ತಿಗೆದಾರನ ಊಟಕ್ಕೆ ಬಿಟ್ರು ಅಂದ್ರೆ ಒಳಗೆ ಎಂತದೋ ದೊಡ್ಡದೇ ಇರ್ಬೇಕು ಅಂತ ಎಣಿಸಿದೆ."

ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂದಂತಾಯಿತು. ಹದಿನಾಲ್ಕು ವರ್ಷ ಕಣ್ಣಾರೆ ಕಂಡ ಟಿಫಿನ್ ಕ್ಯಾರಿಯರ್ ಸುಳ್ಳಾಯಿತು, ಒಂದು ಸಾಲು ಬರಹ ನಿಜವಾಯಿತು. ಕಡತಗಳ ನಡುವೆ ಬಾಳಿದ ಮನುಷ್ಯ ಮಾತ್ರ ಮಾಡಬಹುದಾದ ತಪ್ಪು. ಹಕೀಮನಿಗೆ ಸಿಟ್ಟಿಗಿಂತ ನಗುವೇ ಹೆಚ್ಚು ಬಂತು.

"ನನಗೆ ಯಾಕೆ ತೋರಿಸ್ಲಿಲ್ಲ? ಬಸ್ಸಿಗಿಂತ ನನ್ನ ಕೋಣೆ ಹತ್ತಿರ ಅಲ್ವಾ?"

"ನಿಮಗೆ ಗೊತ್ತುಂಟು ಅಂತ ಎಣಿಸಿದ್ದು ಸರ್."

"ನನಗೆ ಹೇಗೆ ಗೊತ್ತಿರ್ತದೆ ಮಾರಾಯ್ರೆ?"

ಸುಬ್ಬಯ್ಯ ಎದ್ದು ಹೋಗಿ, ಬೀರು ತೆರೆದು, ವಹಿಯನ್ನು ತಂದು ಹಕೀಮನ ಮುಂದೆ ಬಿಡಿಸಿಟ್ಟ.

ಪುಟ ಇನ್ನೂರ ಎಂಬತ್ತೆಂಟು. ಡಿಸೆಂಬರ್ ಮೂವತ್ತೊಂದು, ಗುರುವಾರ. ಆರು ಸಾಲು ನೌಕರರದ್ದು, ಕಪ್ಪು ಶಾಯಿಯಲ್ಲಿ. ಏಳನೆಯ ಸಾಲು ನೀಲಿ ಬಾಲ್ ಪೆನ್ನಿನಲ್ಲಿ, ದುಂಡುದುಂಡಾದ ಅಕ್ಷರಗಳಲ್ಲಿ: 'ಶ್ರೀ ಪುಷ್ಪರಾಜ, ಮೂಡುಬಿದಿರೆ. ಗುತ್ತಿಗೆದಾರರೊಂದಿಗೆ ಭೋಜನ ಮತ್ತು ಮಾತುಕತೆ. ರಾತ್ರಿ 8.30.'

ಕಳ್ಳತನಕ್ಕೆ ಹೊರಟವನು ಹಾಜರಿ ಹಾಕಿ ಹೋಗುತ್ತಾನೆಯೇ! ಹಕೀಂ ಗಟ್ಟಿಯಾಗಿ ನಗುವುದರಲ್ಲಿದ್ದ. "ಇದು ಪುಷ್ಪರಾಜರ ಅಕ್ಷರವೇ ಅಲ್ಲ! ನೀವು ನೋಡ್ಲಿಲ್ವಾ?"

"ಕೆಳಗೆ ನಿಮ್ಮ ರುಜು ಇರುವಾಗ ಮೇಲಿನ ಅಕ್ಷರ ಯಾರು ನೋಡ್ತಾರೆ ಸರ್?"

ಹಕೀಂ ಕಣ್ಣು ಕೆಳಗಿಳಿಸಿದ.

ಪುಟದ ಬುಡದಲ್ಲಿ ಅವನ ರುಜು. ಹ ಅಕ್ಷರದ ತಲೆಯಿಂದ ಎಳೆದ ಉದ್ದದ ಗೆರೆ, ಅದರಡಿಯಲ್ಲಿ ಎರಡು ಚುಕ್ಕಿ. ಪಕ್ಕದಲ್ಲಿ ಕಚೇರಿಯ ದುಂಡು ಮೊಹರು. ತನ್ನ ರುಜುವನ್ನು ತಾನೇ ಗುರುತಿಸದಿರುವುದು ಹೇಗೆ?

ನೆನಪು ಒಂದೇ ಏಟಿಗೆ ಬಂತು. ರಂಜಾನಿನಲ್ಲಿ ಒಂದು ಗಂಟೆ ಮೊದಲು ಹೊರಡಲು ಅವನಿಗೆ ಅನುಮತಿ ಇತ್ತು. ಸೂರ್ಯ ಮುಳುಗುವ ಮೊದಲು ನರಿಕೊಂಬು ತಲುಪಬೇಕು, ಹೊರಗೆ ಹೋದ ನೌಕರರು ಬಂದು ವಹಿ ತುಂಬಿಸುವವರೆಗೆ ಕಾದರೆ ಬಸ್ಸು ತಪ್ಪುತ್ತದೆ. ಡಿಸೆಂಬರ್ ಇಪ್ಪತ್ತೆಂಟರ ಸೋಮವಾರ ಸುಬ್ಬಯ್ಯನೇ ವಹಿ ತಂದು, 'ಮುಂಗಡ ರುಜು ಹಾಕಿಬಿಡಿ ಸರ್, ಗಡಿಬಿಡಿ ಇಲ್ಲ' ಎಂದಿದ್ದ. ಹಕೀಂ ಸಂತೋಷದಿಂದ ಹತ್ತು ಖಾಲಿ ಪುಟಗಳ ಬುಡದಲ್ಲಿ ಒಟ್ಟಿಗೆ ರುಜು ಹಾಕಿ, ಮೊಹರನ್ನೂ ಒತ್ತಿದ್ದ. ಅಂದು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು.

ರುಜು ಇಲ್ಲದ ಮಾತು ಎಂದು ಹತ್ತು ದಿನ ಸಾರಿದ್ದೇ ಸಾರಿದ್ದು. ರುಜು ಇತ್ತು. ಅವನದ್ದೇ.

"ಗುರುವಾರ ನಾನು ಹೋದ ಮೇಲೆ ಇಲ್ಲಿ ಯಾರು ಇದ್ದರು?"

"ಯಾರು ಇರ್ಲಿಲ್ಲ ಅಂತ ಕೇಳಿ ಸರ್. ಹೊಸ ವರ್ಷದ ಕ್ಯಾಲೆಂಡರು, ಡೈರಿ ಹಂಚ್ಲಿಕ್ಕೆ ಕಂಟ್ರಾಕ್ಟರುಗಳೆಲ್ಲ ಬಂದಿದ್ರು. ಈ ಸಂಕದ ಟೆಂಡರು ಸಿಗದ ಬಂಟ್ವಾಳದ ಲೋಕನಾಥನೂ ಬಂದಿದ್ದ. ವಹಿ ಮೇಜಿನ ಮೇಲೆಯೇ ಇತ್ತು."

ಹಕೀಂ ತಲೆ ಎತ್ತಿದ. ಎದುರಿನ ಗೋಡೆಯಲ್ಲಿ ಲೋಕನಾಥನ ಕ್ಯಾಲೆಂಡರ್ ಗಾಳಿಗೆ ಅಲುಗುತ್ತಿತ್ತು. ಆ ಸಾಲು ಬರೆದವನಿಗೆ ಪುಷ್ಪರಾಜ ರಾತ್ರಿ ಉಣ್ಣುವುದಿಲ್ಲ ಎಂದು ಗೊತ್ತಿರಲಿಲ್ಲ. ಲೋಕನಾಥ ಪುಷ್ಪರಾಜನ ಟಿಫಿನ್ ಕ್ಯಾರಿಯರ್ ಕಂಡವನಲ್ಲ. ಆದರೆ ಬಂದ ಹತ್ತು ಹನ್ನೆರಡು ಗುತ್ತಿಗೆದಾರರಲ್ಲಿ ಯಾರೂ ಕಂಡಿರಲಾರರು. ಕ್ಯಾಲೆಂಡರ್ ಕೊಟ್ಟ ಎಂದು ಒಬ್ಬನ ಮೇಲೆ ಬೆರಳು ತೋರಿಸಿದರೆ, ತಾನೂ ಬಸ್ಸಿನ ಸುಬ್ಬಯ್ಯನೂ ಒಂದೇ.

ಸುಬ್ಬಯ್ಯ ಮೇಜಿನ ಮೇಲೆ ಬಾಗಿ ದನಿ ತಗ್ಗಿಸಿದ. "ಸರ್, ಈ ಪುಟ ನೋಡಿದ್ದು ನಾವಿಬ್ಬರೇ. ಮಳೆಗಾಲದಲ್ಲಿ ಗೆದ್ದಲು ಎಷ್ಟು ವಹಿ ತಿಂತದೆ, ಲೆಕ್ಕ ಉಂಟಾ? ಪುಷ್ಪರಾಜರೂ ಉಳಿದ್ರು, ನೀವೂ ಉಳಿದ್ರಿ."

ಸುಳ್ಳು ಹೇಳಬಾರದಲ್ಲ, ಒಂದು ಕ್ಷಣ ಹಕೀಮನ ಬೆರಳು ಪುಟದ ಅಂಚನ್ನು ಹಿಡಿಯಿತು. ಎಷ್ಟು ಸುಲಭ! ಒಂದು ಎಳೆತ. ಪತ್ರ ಬುಧವಾರ ಹೋಗುತ್ತದೆ, ಪುಷ್ಪರಾಜನಿಗೆ ಬಡ್ತಿ, ತನಗೆ ನೆಮ್ಮದಿ. ಮುಂಗಡ ರುಜುವಿನ ವಿಷಯ ಮೇಲೆ ಗೊತ್ತಾದರೆ ನೋಟೀಸು ಬರುವುದು ತನಗೇ.

ಬೆರಳು ಬಿಟ್ಟ.

"ಹರಿದ ಪುಟದಷ್ಟು ದೊಡ್ಡ ಗಾಳಿಮಾತು ಬೇರೆ ಇಲ್ಲ ಸುಬ್ಬಯ್ಯನವರೇ. ಪೆನ್ನು ಕೊಡಿ."

ಕಿವಿಯ ಮೇಲಿನ ಪೆನ್ನು ಕೈಗೆ ಬಂತು. ರುಜುವಿನ ಕೆಳಗೆ ಹಕೀಂ ಬರೆದ: 'ಈ ಪುಟಕ್ಕೆ ನಾನು 28-12-98ರಂದು, ಏನನ್ನೂ ಬರೆಯುವ ಮೊದಲೇ, ರುಜು ಹಾಕಿದ್ದೇನೆ. ಅದು ನನ್ನ ತಪ್ಪು. ಮೇಲಿನ ಏಳನೆಯ ಸಾಲನ್ನು ನಾನು ಈ ದಿನದವರೆಗೆ ನೋಡಿಲ್ಲ. ಅಬ್ದುಲ್ ಹಕೀಂ, 11-1-99.' ಬರೆದ ಮೇಲೆ ಎದೆ ಹಗುರಾಯಿತು. ಹಸಿವೆಯೂ ಜೋರಾಯಿತು.

"ನಾಳೆ ಇದರ ಪ್ರತಿ ಮಂಗಳೂರಿಗೆ. ಮೊದಲು ಪುಷ್ಪರಾಜರಿಗೆ ತೋರಿಸುವ. ಉಳಿದ ಖಾಲಿ ಪುಟಗಳ ರುಜುವನ್ನೂ ಹೊಡೆದು ಹಾಕುವ. ಎಷ್ಟು ಉಂಟು? ಸೋಮ, ಮಂಗಳ, ಬುಧ, ಗುರು, ನಾಲ್ಕು ಆಯ್ತು. ಆರು ಇರ್ಬೇಕು."

ಎದುರು ಪುಟದ ಸಂಖ್ಯೆ ನೋಡಿದ.

ಇನ್ನೂರ ಎಂಬತ್ತೆಂಟರ ನಂತರ ಇನ್ನೂರ ತೊಂಬತ್ತೈದು.

ಹಕೀಂ ವಹಿಯನ್ನು ಬೆಳಕಿಗೆ ಹಿಡಿದ. ಹೊಲಿಗೆಯ ಹತ್ತಿರ ಮೂರು ಹಾಳೆಗಳ ಸಣ್ಣ ಅಂಚು ಮಾತ್ರ ಉಳಿದಿತ್ತು. ಬ್ಲೇಡಿನಿಂದ ಕೊಯ್ದ ಹಾಗೆ, ನೆಟ್ಟಗೆ.

"ಸುಬ್ಬಯ್ಯನವರೇ?"

"ದೇವರಾಣೆ ನನಗೆ ಗೊತ್ತಿಲ್ಲ ಸರ್!" ಸುಬ್ಬಯ್ಯನ ಮುಖ ಬಿಳಿಚಿಕೊಂಡಿತ್ತು. ವಹಿಯ ಪುಟ ಕೊಯ್ಯುವುದೆಂದರೆ ಅವನಿಗೆ ದನ ಕೊಯ್ದಷ್ಟು ಪಾಪ. ಸುಳ್ಳು ಆಡುವವನ ಮುಖ ಅದಲ್ಲ.

ಆಗ ಫೋನು ಹೊಡೆದುಕೊಂಡಿತು. ಹಕೀಂ ರಿಸೀವರ್ ಎತ್ತಿದ. ಕಿವಿಗೆ ಹಿಡಿಯುವ ಮೊದಲೇ ಜಂಟಿ ನಿರ್ದೇಶಕರ ದನಿ ಕೋಣೆ ತುಂಬಿತು.

"ಅಂತೂ ಬುದ್ಧಿ ಬಂತಲ್ಲ ಹಕೀಂ! ಮಧ್ಯಾಹ್ನದ ಟಪಾಲಿನಲ್ಲಿ ನಿಮ್ಮ ವರದಿ ಸಿಕ್ಕಿತು. 'ಪುಷ್ಪರಾಜನ ಮೇಲಿನ ಮಾತು ನಿಜವೆಂದು ನನಗೆ ಮನವರಿಕೆಯಾಗಿದೆ, ಬಡ್ತಿಗೆ ಅರ್ಹನಲ್ಲ.' ಒಳ್ಳೆಯದು ಬರೆದಿದ್ದೀರಿ. ಕಾಗದ ಮುಗಿದಿತ್ತಾ ಎಂತ, ರೂಲು ಹಾಕಿದ ರಿಜಿಸ್ಟರಿನ ಹಾಳೆಯಲ್ಲಿ ಕಳಿಸಿದ್ದು? ಇರಲಿ. ರುಜು ಉಂಟು, ಮೊಹರು ಉಂಟು. ಅವನ ಹೆಸರು ಪಟ್ಟಿಯಿಂದ ತೆಗೆದು ಆಯ್ತು!"

"ಸರ್, ಒಂದು ನಿಮಿಷ, ಅದು ನಾನು ಬರೆದದ್ದು ಅಲ್ಲ..."

ಅತ್ತ ಕಡೆ ಫೋನು ಇಟ್ಟಾಗಿತ್ತು.

ತೆರೆದ ಬಾಗಿಲಲ್ಲಿ ಪುಷ್ಪರಾಜ ನಿಂತಿದ್ದ. ಕೈಯಲ್ಲಿ ಸ್ಟೀಲಿನ ತಟ್ಟೆ. ತಟ್ಟೆಯಲ್ಲಿ ನಾಲ್ಕು ಖರ್ಜೂರ, ಸಿಪ್ಪೆ ಸುಲಿದು ತೊಳೆ ಬಿಡಿಸಿದ ಕಿತ್ತಳೆ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಕೇಳಬೇಕಾದ್ದೆಲ್ಲ ಕೇಳಿಸಿತ್ತು.

ಪೇಟೆಯ ಮಸೀದಿಯಿಂದ ಬಾಂಕು ಶುರುವಾಯಿತು. ಕಿಟಕಿಯಾಚೆ ಸೂರ್ಯ ಇರಲಿಲ್ಲ.

"ರುಜು ನಿಮ್ಮದಾ ಸರ್?"

ಹಕೀಂ ಎದ್ದು ನಿಂತ. ಹೇಳಲು ನೂರು ಮಾತಿದ್ದವು. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಒಂದೇ ಇತ್ತು.

"ಹೌದು ಪುಷ್ಪರಾಜರೇ. ರುಜು ನನ್ನದೇ. ಆದ್ರೆ ಬರೆದದ್ದು..."

ಪುಷ್ಪರಾಜ ತಟ್ಟೆಯನ್ನು ಮೇಜಿನ ಮೇಲೆ, ತೆರೆದ ವಹಿಯ ಪಕ್ಕದಲ್ಲಿ, ಮೆಲ್ಲನೆ ಇಟ್ಟ. ವಹಿಯ ಕಡೆ ನೋಡಲಿಲ್ಲ.

"ಬಾಂಕು ಆಯ್ತು ಸರ್. ಮೊದಲು ಉಪವಾಸ ಬಿಡಿ," ಎಂದು ತಿರುಗಿ ಹೊರಟುಹೋದ. ಟಿಫಿನ್ ಕ್ಯಾರಿಯರ್ ಎತ್ತಿಕೊಂಡ ಸದ್ದು ಕೇಳಿಸಿತು, ಆಮೇಲೆ ಮೆಟ್ಟಿಲಿಳಿಯುವ ಹೆಜ್ಜೆ.

ಹಕೀಂ ಖರ್ಜೂರ ಕೈಗೆತ್ತಿಕೊಂಡ. ಬಾಯಿಗೆ ಹೋಗಲಿಲ್ಲ.

ಸುಬ್ಬಯ್ಯ ಕೊಯ್ದ ಅಂಚುಗಳ ಮೇಲೆ ಬೆರಳಿಟ್ಟು ಎಣಿಸಿದ, ಮತ್ತೊಮ್ಮೆ ಎಣಿಸಿದ. ಇಪ್ಪತ್ತೆಂಟು ವರ್ಷದ ಗುಮಾಸ್ತಿಕೆಯಲ್ಲಿ ಮೊದಲ ಸಲ ಅವನಿಗೆ ಲೆಕ್ಕ ತಾಳೆಯಾಗಲಿಲ್ಲ.

"ಸರ್, ಮಂಗಳೂರಿಗೆ ಹೋದದ್ದು ಒಂದೇ ಹಾಳೆ. ನಿಮ್ಮ ರುಜು ಇರುವ ಎರಡು ಹಾಳೆ ಇನ್ನೂ ಯಾರದ್ದೋ ಕೈಯಲ್ಲಿ ಉಂಟು."